ಹೊರೆ ಇಳಿಸುವ ಕಲ್ಲು

ಮೂರು ವರ್ಷಗಳ ಹಿಂದಿನ ಮಾತು. ಜನವರಿಯ ಒಂದು ಬೆಳಿಗ್ಗೆ ನಾವು ಐದು ಜನ ಸಾಗರ ತಾಲ್ಲೂಕಿನ ಅಂಚಿನಿಂದ ಹೊನ್ನಾವರದ ಕಡೆಗೆ ಇಳಿಯುವ ಹಳೆಯ ಕಾಲುದಾರಿಯೊಂದರಲ್ಲಿದ್ದೆವು. ಕೈಯಲ್ಲಿ ಅರಣ್ಯ ಇಲಾಖೆಯ ಅನುಮತಿ ಪತ್ರ, ಮುಂದೆ ದಾರಿ ತೋರಿಸಲು ಊರಿನವರೊಬ್ಬರು. ಎಲ್ಲರೂ ಭಾನುವಾರ ಬೆಳಿಗ್ಗೆ ಬೆಂಗಳೂರಿನ ಕೆರೆ ಏರಿಗಳ ಮೇಲೆ ಓಡುವವರು. ಡಾಂಬರು ಬಿಟ್ಟು ಮಣ್ಣಿನ ಹಾದಿಯಲ್ಲಿ ಓಡುವ ಹುಚ್ಚು ಆಗಷ್ಟೇ ಹಿಡಿದಿತ್ತು. ಕಡಿದಾದ ಇಳಿಜಾರೊಂದು ಮುಗಿದ ಕಡೆ ದಾರಿಯ ಪಕ್ಕಕ್ಕೆ ಮೂರು ಕಲ್ಲುಗಳು ಸಿಕ್ಕವು. ಎರಡು ನೆಟ್ಟಗೆ ಹೂತದ್ದು, ಒಂದು ಅವುಗಳ ಮೇಲೆ ಅಡ್ಡಲಾಗಿ ಇಟ್ಟದ್ದು. ಬಾಗಿಲಿಲ್ಲದ ಬಾಗಿಲವಾಡದ ಹಾಗೆ ಇತ್ತು. ಒಬ್ಬ ಅದಕ್ಕೆ ಕೈಕೊಟ್ಟು ಮೀನಖಂಡ ಎಳೆದುಕೊಂಡ. ಗೆಳತಿಯೊಬ್ಬಳು ನನ್ನನ್ನು ಎತ್ತಿ ಅಡ್ಡಗಲ್ಲಿನ ಮೇಲೆ ಕೂರಿಸಿ ಫೋಟೊ ತೆಗೆದಳು. ಹಿಂದೆ ಹಸಿರು ಕಣಿವೆ, ಮಂಜು. ಚಂದದ ಫೋಟೊ.

ಅದು ಅಮ್ಮನ ಮೊಬೈಲಿಗೆ ಹೋಯಿತು. ಅಮ್ಮ ಅದನ್ನು ಅಮ್ಮಮ್ಮನಿಗೆ ತೋರಿಸಿದಳು. ಸಂಜೆ ಅಮ್ಮಮ್ಮನ ಧ್ವನಿ ಸಂದೇಶ ಬಂತು: “ಅದು ಹೊರೆ ಇಳ್ಸು ಕಲ್ಲಲ್ಲನೆ? ಅದರ ಮೇಲೆ ಕೂತ್ಕಂಡು ಎಂತ ಮಾಡ್ತಿದ್ಯೆ ಮಗಳೆ?”

ನನಗೆ ನಾಚಿಕೆಯಾಗಲು ಬೇರೊಂದು ಕಾರಣವೂ ಇತ್ತು. ನಾನು ಪಿಎಚ್.ಡಿ. ಮಾಡುತ್ತಿರುವುದೇ ಕೆಳದಿ ಅರಸರ ಕಾಲದಲ್ಲಿ ಘಟ್ಟದ ಮೇಲಿಗೂ ಕೆಳಗಿಗೂ ನಡೆಯುತ್ತಿದ್ದ ವ್ಯಾಪಾರದ ಬಗ್ಗೆ. ಇಂಥ ಕಲ್ಲುಗಳ ವಿಷಯ ಓದಿದ್ದೆ. ಒಬ್ಬಂಟಿ ಹೊರೆಯಾಳು ಯಾರ ಸಹಾಯವೂ ಇಲ್ಲದೆ ತಲೆಯ ಮೇಲಿನ ಮೂಟೆಯನ್ನು ಜಾರಿಸಿ ಇಟ್ಟು, ದಣಿವಾರಿಸಿಕೊಂಡು, ಮತ್ತೆ ತಲೆಯನ್ನು ಅದರಡಿಗೆ ಕೊಟ್ಟು ಎದ್ದು ಹೋಗಲು ಮಾಡಿದ ವ್ಯವಸ್ಥೆ ಇದು. ನೆಲಕ್ಕೆ ಇಳಿಸಿದರೆ ಮತ್ತೆ ಎತ್ತಿಕೊಡಲು ಇನ್ನೊಬ್ಬರು ಬೇಕು. ಅದಕ್ಕೇ ಕಲ್ಲಿಗೆ ಅಷ್ಟು ಎತ್ತರ. ಓದಿನಲ್ಲಿ ಗೊತ್ತಿದ್ದದ್ದು ಕಣ್ಣಿಗೆ ಬಿದ್ದಾಗ ನನಗೆ ಗುರುತು ಸಿಗಲಿಲ್ಲ. ನನ್ನ ತಲೆಯ ಮೇಲೆ ಹೊರೆ ಇರಲಿಲ್ಲವಲ್ಲ.

ಪಶ್ಚಿಮ ಘಟ್ಟದ ಉದ್ದ ಸುಮಾರು 1600 ಕಿಲೋಮೀಟರ್. 2012ರಲ್ಲಿ ಯುನೆಸ್ಕೊ ಅದರ ಆಯ್ದ ಭಾಗಗಳನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಈಗ ಅದು ಚಾರಣಿಗರ, ಓಟಗಾರರ, ಛಾಯಾಗ್ರಾಹಕರ ಸೀಮೆ. ಆದರೆ ‘ಘಟ್ಟ’ ಎಂಬ ಪದವನ್ನೇ ಒಂದು ಗಳಿಗೆ ನೋಡಿ. ನದಿಯ ದಡದಲ್ಲಿ ಇಳಿಯುವ ಮೆಟ್ಟಿಲು ಘಟ್ಟ, ಬೆಟ್ಟದಲ್ಲಿ ಹತ್ತಿ ಇಳಿಯುವ ಜಾಗ ಘಟ್ಟ. ಪರ್ವತಸಾಲಿಗೆ ಸಹ್ಯಾದ್ರಿ ಎಂಬ ಹೆಸರು ಬೇರೆಯೇ ಇತ್ತು. ಕರಾವಳಿಗೆ ಬಂದ ಯುರೋಪಿನವರು ಜನ ದಿನವೂ ಆಡುತ್ತಿದ್ದ ದಾರಿಯ ಪದವನ್ನೇ ಇಡೀ ಸಾಲಿಗೆ ಅಂಟಿಸಿದರು. ಹಾದಿಯ ಹೆಸರು ಬೆಟ್ಟದ ಹೆಸರಾಯಿತು. ನಮ್ಮ ಮಾತಿನಲ್ಲಿ ಈಗಲೂ ಹಳೆಯ ಅರ್ಥ ಉಳಿದಿದೆ. ‘ಘಟ್ಟ ಹತ್ತಿ ಬಂದವರು’, ‘ಘಟ್ಟದ ಕೆಳಗಿನವರು’ ಎಂದಾಗ ನಾವು ಹೇಳುವುದು ಜನರ ಓಡಾಟವನ್ನು.

ಹಾದಿ ಯಾಕೆ ಬೇಕಾಯಿತು ಎಂಬುದಕ್ಕೆ ಉತ್ತರ ಅಡುಗೆಮನೆಯಲ್ಲೇ ಇದೆ. ಘಟ್ಟದ ಮೇಲೆ ಉಪ್ಪಿಲ್ಲ. ಗೋಕರ್ಣದ ಬಳಿಯ ಸಾಣಿಕಟ್ಟೆಯಂಥ ಆಗರಗಳ ಉಪ್ಪು ಮೇಲೆ ಹೋಗದಿದ್ದರೆ ಶರಾವತಿ ಕಣಿವೆಯ ಅಪ್ಪೆಮಿಡಿ ಉಪ್ಪಿನಕಾಯಿಯಾಗುತ್ತಿರಲಿಲ್ಲ. ಉಪ್ಪಿನ ಜೊತೆ ಒಣಮೀನು, ತೆಂಗಿನಕಾಯಿ ಮೇಲೆ ಹೋದವು. ಮೇಲಿನಿಂದ ಮೆಣಸು, ಅಡಕೆ, ಏಲಕ್ಕಿ, ಅಕ್ಕಿ, ಗಂಧ ಇಳಿದವು. ಹೊನ್ನಾವರ, ಭಟ್ಕಳ, ಬಸರೂರು, ಮಂಗಳೂರು ಬಂದರುಗಳ ಹಿಂದೆ ಒಂದೊಂದಕ್ಕೂ ಒಂದೊಂದು ಘಟ್ಟದ ದಾರಿ ಇತ್ತು. ಗೇರುಸೊಪ್ಪೆಯ ರಾಣಿ ಚೆನ್ನಭೈರಾದೇವಿಯನ್ನು ಪೋರ್ಚುಗೀಸರು ‘ಮೆಣಸಿನ ರಾಣಿ’ ಎಂದು ಕರೆದದ್ದು ಸುಮ್ಮನೆ ಅಲ್ಲ. ಮೆಣಸು ಬೆಳೆಯುವ ಕಾಡಿಗೂ ಹಡಗು ನಿಲ್ಲುವ ಕಡಲಿಗೂ ನಡುವಿನ ದಾರಿ ಆಕೆಯ ಕೈಯಲ್ಲಿತ್ತು. ಕೆಳದಿಯವರು ಕೆಳದಿಯಿಂದ ಇಕ್ಕೇರಿಗೆ, ಅಲ್ಲಿಂದ ಬಿದನೂರಿಗೆ ರಾಜಧಾನಿ ಬದಲಿಸಿದರು. ಬಿದನೂರು, ಅಂದರೆ ಇಂದಿನ ನಗರ, ಘಟ್ಟದ ನೆತ್ತಿಯ ಹತ್ತಿರದಲ್ಲೇ ಇದೆ. ಇಲ್ಲಿಂದ ಕುಂದಾಪುರ, ಬಸರೂರು ಕಡೆಗೆ ಇಳಿಯುವ ದಾರಿಯನ್ನು ಕಾಯುವುದು ಸುಲಭ, ಸುಂಕ ಎತ್ತುವುದೂ ಸುಲಭ.

ಈ ದಾರಿಗಳಲ್ಲಿ ಗಾಡಿ ಹೋಗುತ್ತಿರಲಿಲ್ಲ. ಹೇರೆತ್ತುಗಳು ಹೋಗುತ್ತಿದ್ದವು. ಎತ್ತಿನ ಬೆನ್ನಿನ ಎರಡೂ ಕಡೆ ಜೋತುಬಿಡುವ ಚೀಲ ಕಂಠಾಳ, ಒಂದು ಎತ್ತು ಹೊರುವಷ್ಟು ಸರಕು ಒಂದು ಹೇರು. ಲಂಬಾಣಿಗಳು ಎತ್ತುಗಳ ದೊಡ್ಡ ಹಿಂಡುಗಳನ್ನೇ ಹೊಡೆದುಕೊಂಡು ಬಯಲುಸೀಮೆಯಿಂದ ಬರುತ್ತಿದ್ದರು. ಮಳೆಗಾಲದಲ್ಲಿ ಹಳ್ಳಗಳು ತುಂಬಿ, ಉಂಬಳ ಹತ್ತಿ, ದಾರಿ ಮುಚ್ಚಿಹೋಗುತ್ತಿತ್ತು. ಮಳೆ ನಿಂತು ನೆಲ ಆರಿದ ಮೇಲೆ ಮತ್ತೆ ತೆರೆಯುತ್ತಿತ್ತು. ಎತ್ತು ಇಲ್ಲದವರು, ಎತ್ತು ಹೋಗದ ಕಡೆ ಹೋಗಬೇಕಾದವರು, ತಲೆಯ ಮೇಲೆ ಹೊತ್ತರು.

ಇಷ್ಟನ್ನು ನಾನು ನನ್ನ ಪ್ರಬಂಧದ ಎರಡನೇ ಅಧ್ಯಾಯದಲ್ಲಿ ಬರೆದಿದ್ದೆ. ಅದರಲ್ಲಿ ಒಂದು ವಾಕ್ಯ ಹೀಗಿತ್ತು: ‘ಮೆಣಸು ಘಟ್ಟ ಇಳಿಯುತ್ತಿತ್ತು, ಉಪ್ಪು ಘಟ್ಟ ಹತ್ತುತ್ತಿತ್ತು.’ ಬರೆದಾಗ ನನಗೆ ಬಹಳ ಇಷ್ಟವಾದ ವಾಕ್ಯ. ನನ್ನ ಮಾರ್ಗದರ್ಶಕರು ಪುಟದ ಅಂಚಿನಲ್ಲಿ ಪೆನ್ಸಿಲಿನಿಂದ ಒಂದೇ ಪ್ರಶ್ನೆ ಬರೆದು ವಾಪಸು ಕೊಟ್ಟರು: ‘ಮೆಣಸಿಗೆ ಕಾಲಿತ್ತೇ?’

ಆ ಪ್ರಶ್ನೆ ಇಟ್ಟುಕೊಂಡು ನನ್ನ ಆಕರಗಳನ್ನು ಮತ್ತೆ ಓದಿದೆ. ಮೊದಲಿಗೆ ಪಿಯೆತ್ರೊ ದೆಲ್ಲಾ ವಾಲೆ. ರೋಮ್‌ನ ಈ ಶ್ರೀಮಂತ ಯಾತ್ರಿಕ 1623ರಲ್ಲಿ ಗೋವಾದ ಪೋರ್ಚುಗೀಸ್ ರಾಯಭಾರಿಯೊಂದಿಗೆ ವೆಂಕಟಪ್ಪ ನಾಯಕನನ್ನು ಕಾಣಲು ಇಕ್ಕೇರಿಗೆ ಬಂದ. ಹೊನ್ನಾವರದಿಂದ ದೋಣಿಯಲ್ಲಿ ಶರಾವತಿಗುಂಟ ಗೇರುಸೊಪ್ಪೆಗೆ, ಅಲ್ಲಿಂದ ಘಟ್ಟ ಹತ್ತಿ ಮೇಲಕ್ಕೆ. ನಾವು ಐವರು ಇಳಿದದ್ದು ಹೆಚ್ಚುಕಡಿಮೆ ಅದೇ ಸೀಮೆಯಲ್ಲಿ. ಅವನು ಊರಿಗೆ ಬರೆದ ಪತ್ರಗಳು ಕನ್ನಡ ನಾಡಿನ ಇತಿಹಾಸ ಬರೆಯುವವರಿಗೆಲ್ಲ ಬೇಕಾದ ಆಕರ. ಅವುಗಳಲ್ಲಿ ಒಂದು ಪ್ರಸಂಗವಂತೂ ಪ್ರಸಿದ್ಧ. ಘಟ್ಟದ ದಾರಿಯ ಹನುಮಂತನ ಗುಡಿಯೊಂದರ ಜಗಲಿಯಲ್ಲಿ ನಾಲ್ಕು ಹುಡುಗರು ಕೂತು ಲೆಕ್ಕ ಕಲಿಯುತ್ತಿದ್ದರು. ಒಬ್ಬ ರಾಗವಾಗಿ ಹೇಳುತ್ತಾ ನೆಲದ ಮೇಲೆ ಹರಡಿದ ಮರಳಿನಲ್ಲಿ ಬೆರಳಿನಿಂದ ಬರೆಯುತ್ತಿದ್ದ, ಉಳಿದವರೂ ಹಾಗೇ ಹಾಡಿಕೊಂಡು ಬರೆಯುತ್ತಿದ್ದರು. ಮರಳು ತುಂಬಿದರೆ ಅಳಿಸಿ ಮತ್ತೆ ಬರೆಯುವುದು. ಗುರುವೇ ಇಲ್ಲದೆ ತಪ್ಪಿದರೆ ಯಾರು ತಿದ್ದುತ್ತಾರೆ ಎಂದು ಅವನು ಕೇಳಿದ. ನಾಲ್ವರೂ ಒಂದೇ ಕಡೆ ತಪ್ಪಲು ಸಾಧ್ಯವಿಲ್ಲವಲ್ಲ ಎಂದು ಹುಡುಗರು ಉತ್ತರ ಕೊಟ್ಟರು. ನಮ್ಮ ಹಳೆಯ ಶಿಕ್ಷಣದ ಬಗ್ಗೆ ಬರೆಯುವವರು ಈ ಪುಟವನ್ನು ಮತ್ತೆ ಮತ್ತೆ ತೆಗೆದು ತೋರಿಸುತ್ತಾರೆ.

ನಾನೂ ಅದನ್ನು ಎಷ್ಟೋ ಸಲ ಓದಿದ್ದೆ. ಈ ಸಲ ಅದರ ಶುರುವಿನ ತುಣುಕು ಕಣ್ಣಿಗೆ ಬಿತ್ತು. ದೆಲ್ಲಾ ವಾಲೆಗೆ ಜಗಲಿಯಲ್ಲಿ ಕೂತು ಹುಡುಗರನ್ನು ನೋಡಲು ಬಿಡುವು ಸಿಕ್ಕಿದ್ದು ಯಾಕೆಂದರೆ ಅತ್ತ ಹೊರೆಗಳನ್ನು ಸಜ್ಜುಮಾಡುತ್ತಿದ್ದರು. ಅಷ್ಟೇ. ಅರ್ಧ ವಾಕ್ಯ. ಆ ಹೊರೆಗಳನ್ನು ಕಟ್ಟುತ್ತಿದ್ದವರು ಯಾರು, ಎಷ್ಟು ಜನ, ಅವರಿಗೆ ಸಿಕ್ಕಿದ್ದೇನು, ಆ ಹುಡುಗರಲ್ಲಿ ಯಾರಾದರೂ ಅವರ ಮಕ್ಕಳಿರಬಹುದೇ ಎಂಬ ಮಾತೇ ಆ ಪುಟದಲ್ಲಿ ಇಲ್ಲ. ದೆಲ್ಲಾ ವಾಲೆ ಕಲ್ಲುಹೃದಯದವನೇನಲ್ಲ. ಪರ್ಶಿಯಾದಲ್ಲಿ ತೀರಿಕೊಂಡ ಪ್ರೀತಿಯ ಹೆಂಡತಿ ಮಾನಿಯ ದೇಹವನ್ನು ಕೆಡದಂತೆ ಪೆಟ್ಟಿಗೆಯಲ್ಲಿರಿಸಿ, ವರ್ಷಗಳ ಬಳಿಕ ರೋಮ್‌ಗೆ ಒಯ್ದು ಮಣ್ಣು ಮಾಡಿದವನು. ಭಾರ ಎಂದರೇನು ಎಂದು ಅವನಿಗೂ ಗೊತ್ತಿತ್ತು. ಆದರೆ ಆ ಪೆಟ್ಟಿಗೆಯನ್ನೂ ಎತ್ತಿ ಇಳಿಸಿದ ಕೈಗಳು ಬೇರೆಯವರವು.

ಮುಂದಿನವರದ್ದೂ ಇದೇ ಕತೆ. 1783ರ ಜನವರಿಯಲ್ಲಿ ಬ್ರಿಟಿಷ್ ಸೇನಾಪತಿ ಮ್ಯಾಥ್ಯೂಸ್ ಕುಂದಾಪುರದ ಕಡೆಯಿಂದ ಹೊಸಂಗಡಿ ಘಟ್ಟ ಹತ್ತಿ ಬಿದನೂರನ್ನು ಹಿಡಿದ. ಏಪ್ರಿಲ್ ಮುಗಿಯುವುದರೊಳಗೆ ಟಿಪ್ಪು ಅದನ್ನು ಮರಳಿ ಪಡೆದ. ಯುದ್ಧದ ಇತಿಹಾಸಗಳಲ್ಲಿ ಘಟ್ಟದ ಕೋಟೆಬಾಗಿಲುಗಳ, ಫಿರಂಗಿಗಳ ವಿವರ ಬೇಕಾದಷ್ಟಿದೆ. ಫಿರಂಗಿ ತಾನಾಗಿ ಘಟ್ಟ ಹತ್ತುವುದಿಲ್ಲ. ಶ್ರೀರಂಗಪಟ್ಟಣ ಬಿದ್ದ ಮರುವರ್ಷ, 1800ರಲ್ಲಿ, ವೆಲ್ಲೆಸ್ಲಿಯ ಆದೇಶದಂತೆ ವೈದ್ಯ ಹಾಗೂ ಸಸ್ಯಶಾಸ್ತ್ರಜ್ಞ ಫ್ರಾನ್ಸಿಸ್ ಬುಕಾನನ್ ಮದ್ರಾಸಿನಿಂದ ಹೊರಟ. ಮೈಸೂರು, ಮಲಬಾರ್, ಕೆನರಾ ಸುತ್ತಿ, ಕರಾವಳಿಯಿಂದ ಘಟ್ಟ ಹತ್ತಿ ಸೋದೆ, ಬನವಾಸಿ, ಇಕ್ಕೇರಿ, ನಗರ ಎಲ್ಲ ನೋಡಿದ. 1807ರಲ್ಲಿ ಮೂರು ಸಂಪುಟಗಳಾಗಿ ಅಚ್ಚಾದ ಅವನ ವರದಿಯಲ್ಲಿ ಮಣ್ಣು, ಬೆಳೆ, ಕಂದಾಯ, ಜಾತಿ, ಮರ ಯಾವುದೂ ಬಿಟ್ಟುಹೋಗಿಲ್ಲ. ಅಂಥವನ ಬರಹದಲ್ಲೂ ಅವನ ಡೇರೆ, ಪುಸ್ತಕ, ಒಣಗಿಸಿದ ಗಿಡಗಳನ್ನು ಹೊತ್ತು ನಡೆದವರ ಮುಖ ಕಾಣಬೇಕೆಂದರೆ ಸಾಲುಗಳ ನಡುವೆ ಹುಡುಕಬೇಕು. ದಾರಿಯ ಬಗ್ಗೆ ಬರೆದವರು ಹೊರಲಿಲ್ಲ, ಹೊತ್ತವರು ಬರೆಯಲಿಲ್ಲ.

ಹತ್ತೊಂಬತ್ತನೇ ಶತಮಾನದ ನಡುವಿನಲ್ಲಿ ದಾರಿಗಳ ಹಣೆಬರಹ ಬದಲಾಯಿತು. ಇದಕ್ಕೆ ಕಾರಣ ಹತ್ತಿ. 1861ರಲ್ಲಿ ಅಮೆರಿಕದಲ್ಲಿ ಅಂತರ್ಯುದ್ಧ ಶುರುವಾಗಿ ಲ್ಯಾಂಕಶೈರಿನ ಗಿರಣಿಗಳಿಗೆ ಹತ್ತಿ ನಿಂತುಹೋಯಿತು. ಧಾರವಾಡ ಸೀಮೆಯ ಹತ್ತಿಗೆ ಎಲ್ಲಿಲ್ಲದ ಬೇಡಿಕೆ. ಅದು ಕುಮಟಾ ಬಂದರಿನಿಂದ ಹೋಗುತ್ತಿತ್ತು, ಹಾಗಾಗಿ ವಿದೇಶದ ಪೇಟೆಯಲ್ಲಿ ಅದರ ಹೆಸರೇ ‘ಕುಮಟಾ ಹತ್ತಿ’. 1862ರಲ್ಲಿ ಉತ್ತರ ಕನ್ನಡ ಜಿಲ್ಲೆಯನ್ನು ಮದ್ರಾಸ್ ಪ್ರಾಂತದಿಂದ ಬೊಂಬಾಯಿಗೆ ಸೇರಿಸಿದ್ದರ ಹಿಂದೆಯೂ ಈ ಹತ್ತಿ ಮತ್ತು ಬಂದರಿನ ಲೆಕ್ಕಾಚಾರವಿತ್ತು. ದೇವಿಮನೆ, ಅರಬೈಲುಗಳಂಥ ಘಟ್ಟಗಳಲ್ಲಿ ಗಾಡಿ ಹೋಗುವ ರಸ್ತೆಗಳು ಮುಖ್ಯವಾದವು. 1883ರ ಗ್ಯಾಸೆಟಿಯರ್ ಓದುವಾಗ ಘಟ್ಟದ ದಾರಿಗಳು ಎರಡು ಜಾತಿಯಾಗಿ ಕಾಣುತ್ತವೆ, ಗಾಡಿ ಹೋಗುವಂಥವು ಮತ್ತು ಹೋಗದಂಥವು. ಹೋಗದಂಥವು ನಿಧಾನಕ್ಕೆ ದಾಖಲೆಗಳಿಂದ ಜಾರಿಹೋದವು. 1880ರ ದಶಕದ ಕೊನೆಗೆ ರೈಲು ಮರ್ಮಗೋವಾ ಬಂದರನ್ನು ಮುಟ್ಟಿದ ಮೇಲೆ ಕುಮಟಾದ ಹತ್ತಿಯ ವೈಭವವೂ ಇಳಿಯಿತು.

ನಾವು ಇಂದು ಓಡುವ ಹಾದಿಗಳು ಯಾಕೆ ಅಷ್ಟು ಕಡಿದು ಎಂಬುದಕ್ಕೂ ಇಲ್ಲಿ ಉತ್ತರವಿದೆ. ಗಾಡಿಗೆ ಅಗಲ ಬೇಕು, ಸಣ್ಣ ಏರು ಬೇಕು, ಅದಕ್ಕಾಗಿ ಸುತ್ತು ತಿರುವು ಬೇಕು. ಆಗುಂಬೆಯ ತಿರುವುಗಳಲ್ಲಿ ಬಸ್ಸು ತೂಗುವಾಗ ನಾವು ಅನುಭವಿಸುವುದು ಚಕ್ರದ ತರ್ಕ. ಕಾಲಿಗೆ ಅದು ಬೇಕಿಲ್ಲ. ಅದು ಗುಡ್ಡದ ಬೆನ್ನು ಹಿಡಿದು ನೇರ ಹತ್ತುತ್ತದೆ, ಹಳ್ಳವನ್ನು ಕಲ್ಲು ಇರುವಲ್ಲಿ ದಾಟುತ್ತದೆ, ನೀರು ಇರುವ ಕಡೆ ನಿಲ್ಲುತ್ತದೆ. ಓಟಗಾರರು ಹೊಗಳುವ ‘ಕಠಿಣ ಏರು’ ಒಂದು ಕಾಲಕ್ಕೆ ಮನೆಗೆ ಬೇಗ ಸೇರಬೇಕೆಂದವರು ಹಿಡಿದ ಹತ್ತಿರದ ದಾರಿ.

ಗಾಡಿರಸ್ತೆ ಬಂದಾಗ ಕಾಲುದಾರಿ ಸಾಯಲಿಲ್ಲ. ಅದು ಗಾಡಿಗೆ, ಆಮೇಲೆ ಬಸ್ಸಿಗೆ ಕಾಸು ಕೊಡಲಾಗದವರದ್ದಾಯಿತು. ಇಲ್ಲಿಗೆ ಅಮ್ಮಮ್ಮ ಬರುತ್ತಾಳೆ. ಅವಳು ಹೊನ್ನಾವರ ತಾಲ್ಲೂಕಿನವಳು. ಐವತ್ತರ ದಶಕದಲ್ಲಿ ಹತ್ತು ಹನ್ನೆರಡು ವರ್ಷದ ಹುಡುಗಿಯಾಗಿದ್ದಾಗ ಅಡಕೆ ಸುಲಿಯುವ ಕಾಲಕ್ಕೆ ತಾಯಿಯ ಜೊತೆ ಘಟ್ಟ ಹತ್ತುತ್ತಿದ್ದಳು. ಹೋಗುವಾಗ ತಲೆಯ ಮೇಲೆ ಒಣಮೀನು, ಉಪ್ಪು. ಬರುವಾಗ ಅಕ್ಕಿ, ಒಂದಿಷ್ಟು ಬೆಲ್ಲ. ನಾನು ಧ್ವನಿಮುದ್ರಣದ ಯಂತ್ರ ಮುಂದಿಟ್ಟುಕೊಂಡು, ಸಂಶೋಧಕಿಯ ಗತ್ತಿನಲ್ಲಿ, ದಾರಿ ಹೇಗಿತ್ತು ಎಂದು ಕೇಳಿದೆ. ಕತ್ತಲಿರುವಾಗಲೇ ಹೊರಡುತ್ತಿದ್ದದ್ದು, ಗುಂಪಿನಲ್ಲಿ ಮಾತ್ರ ಹೋಗುತ್ತಿದ್ದದ್ದು, ಸಿಂಬೆ ಸುತ್ತುವ ಬಟ್ಟೆಯೇ ರಾತ್ರಿ ಹೊದಿಕೆಯಾಗುತ್ತಿದ್ದದ್ದು ಎಲ್ಲ ಹೇಳಿದಳು. ಕಾಡು ಆಗ ಬಹಳ ಚಂದ ಇದ್ದಿರಬೇಕಲ್ಲ ಎಂದು ಕೇಳಿಬಿಟ್ಟೆ.

“ಎಂತ ಚಂದ? ಕಾಲ ಬುಡ ನೋಡ್ಕಂಡು ನಡಿಬೇಕಾಗಿತ್ತು. ತಲೆ ಎತ್ತಿದ್ರೆ ಉಪ್ಪು ಚೆಲ್ತಿತ್ತು.”

ಸ್ವಲ್ಪ ಹೊತ್ತು ಬಿಟ್ಟು, “ಹೊರೆ ಇಳ್ಸಿದ ಮೇಲೆ ಚಂದ ಕಾಣ್ತಿತ್ತು ಅನ್ನು” ಎಂದಳು.

ಆ ಎರಡನೇ ಮಾತನ್ನು ನಾನು ಬಹಳ ದಿನ ಯೋಚಿಸಿದ್ದೇನೆ. ಹೊತ್ತು ದುಡಿಯುವವರಿಗೆ ನಿಸರ್ಗದ ಚೆಲುವು ಕಾಣುವುದಿಲ್ಲ, ಅದು ಹೊಟ್ಟೆ ತುಂಬಿದವರ ಕಲ್ಪನೆ ಎಂದು ವಾದಿಸುವುದು ಸುಲಭ. ನಾನೂ ಮೊದಲು ಹಾಗೇ ಬರೆಯಲು ಹೊರಟಿದ್ದೆ. ಅಮ್ಮಮ್ಮ ಒಪ್ಪಲಿಲ್ಲ. ಅವಳಿಗೂ ಚಂದ ಕಂಡಿತ್ತು, ಕಲ್ಲಿನ ಹತ್ತಿರ ನಿಂತಷ್ಟು ಹೊತ್ತು. ಕಣ್ಣು ಎಲ್ಲರಿಗೂ ಒಂದೇ. ಬಿಡುವು ಮಾತ್ರ ಒಬ್ಬೊಬ್ಬರಿಗೆ ಒಂದೊಂದು ಅಳತೆಯಲ್ಲಿ ಸಿಕ್ಕಿತು. ದೆಲ್ಲಾ ವಾಲೆಗೆ ಜಗಲಿಯಲ್ಲಿ ಕೂತು ಹುಡುಗರನ್ನು ಮಾತಾಡಿಸುವಷ್ಟು, ಅಮ್ಮಮ್ಮನಿಗೆ ಕತ್ತಿನ ನೋವು ಇಳಿಯುವಷ್ಟು.

ನಮ್ಮ ಕಾಲದಲ್ಲಿ ಆ ಬಿಡುವು ಹೊರಗಿನಿಂದ ಘಟ್ಟಕ್ಕೆ ಬರುತ್ತದೆ. 1979ರಲ್ಲಿ ಸಕಲೇಶಪುರ ಮತ್ತು ಸುಬ್ರಹ್ಮಣ್ಯ ನಡುವೆ 57 ಸುರಂಗಗಳ ರೈಲುದಾರಿ ತೆರೆಯಿತು. ಹಳಿ ಬದಲಿಸಲು 1996ರಲ್ಲಿ ರೈಲು ನಿಂತಾಗ ಹತ್ತು ವರ್ಷ ಅದು ಬೆಂಗಳೂರಿನ ಯುವಕರ ನೆಚ್ಚಿನ ಚಾರಣದ ಹಾದಿಯಾಯಿತು. ರೈಲು ಮರಳಿದ ಮೇಲೆ ಹಳಿಯ ಮೇಲೆ ನಡೆಯುವುದು ಅಪಾಯ ಮತ್ತು ಅಪರಾಧ. 2024ರ ಗಣರಾಜ್ಯೋತ್ಸವದ ರಜೆಯಲ್ಲಿ ಕುಮಾರ ಪರ್ವತದ ಹಾದಿಯಲ್ಲಿ ಜನ ಜಾತ್ರೆಯ ಹಾಗೆ ಸಾಲುಗಟ್ಟಿದ ಚಿತ್ರ ನಾಡೆಲ್ಲ ಓಡಾಡಿತು. ಆಮೇಲೆ ಚಾರಣಕ್ಕೆ ಆನ್‌ಲೈನ್ ಮುಂಗಡ ನೋಂದಣಿ ಬಂತು, ಒಂದು ದಾರಿಗೆ ದಿನಕ್ಕೆ 300 ಜನ ಎಂಬ ಮಿತಿ ಬಂತು. ಮಿತಿ ಬೇಕೇ ಬೇಕು. ಆದರೆ ಅದನ್ನು ಓದುವಾಗ ನನಗೆ ಘಟ್ಟದ ಬುಡದ ಊರಿನವರು ನೆನಪಾಗುತ್ತಾರೆ. ಅಜ್ಜಿಯರು ಕೇಳದೆ ನಡೆದ ದಾರಿಯಲ್ಲಿ ಮೊಮ್ಮಕ್ಕಳು ಈಗ ನಮಗೆ ದಾರಿ ತೋರಿಸುವವರಾಗಿ ನಡೆಯುತ್ತಾರೆ, ನಮ್ಮ ಡೇರೆ, ಅಡುಗೆ ಪಾತ್ರೆಗಳನ್ನು ಹೊತ್ತುಕೊಂಡು. ಅಂದು ನಮ್ಮ ಮುಂದೆ ನಡೆದವರ ಬೆನ್ನಿನ ಮೇಲೂ ನಮ್ಮದೊಂದು ಚೀಲ ಇತ್ತು. ಫೋಟೊದಲ್ಲಿ ಅವರು ಇಲ್ಲ.

ಕಳೆದ ಡಿಸೆಂಬರಿನಲ್ಲಿ ಅದೇ ದಾರಿಗೆ ಮತ್ತೆ ಹೋದೆ. ಈ ಸಲ ಓಡಲಿಲ್ಲ. ಟೇಪು, ನೋಟ್‌ಬುಕ್ಕು ಇಟ್ಟುಕೊಂಡು ಕಲ್ಲುಗಳನ್ನೇ ಹುಡುಕುತ್ತಾ ನಡೆದೆ. ಮೂರು ಸಿಕ್ಕವು. ನನ್ನ ಕೈಗಡಿಯಾರ ತೋರಿಸುವ ಕಿಲೋಮೀಟರಿಗೂ ಅವುಗಳ ನಡುವಿನ ಅಂತರಕ್ಕೂ ತಾಳೆಯೇ ಇರಲಿಲ್ಲ. ಎರಡು ಹತ್ತಿರ ಹತ್ತಿರ, ಒಂದು ಬಹಳ ದೂರ. ಮೇಲಿನಿಂದ ಇಳಿಯುತ್ತಾ ನೋಡಿದಾಗ ಕ್ರಮ ಹೊಳೆಯಲಿಲ್ಲ. ಕೆಳಗೆ ಮುಟ್ಟಿ, ಕಡೇ ಮನೆಯವರಿಂದ ಹತ್ತು ಕಿಲೋ ಅಕ್ಕಿಯ ಚೀಲ ಇಸಿದುಕೊಂಡು, ಸಿಂಬೆ ಸುತ್ತಿಸಿಕೊಂಡು, ತಿರುಗಿ ಹತ್ತತೊಡಗಿದೆ. ಅವರ ಮನೆಯ ಹೆಂಗಸರು ನಕ್ಕದ್ದು ಬಹಳ ದೂರದವರೆಗೂ ಕೇಳಿಸುತ್ತಿತ್ತು. ಕಾಲು ಗಂಟೆಯಲ್ಲಿ ಕತ್ತು ಸೆಟೆಯಿತು, ಕಣ್ಣು ಹೆಬ್ಬೆರಳಿನಿಂದ ಆಚೆ ಹೋಗಲಿಲ್ಲ. ಇನ್ನು ಆಗುವುದೇ ಇಲ್ಲ ಎನ್ನಿಸಿ ಚೀಲಕ್ಕೆ ಕೈ ಹಾಕುವ ಹೊತ್ತಿಗೆ ತಿರುವಿನಲ್ಲಿ ಕಲ್ಲು ಕಾಣಿಸಿತು. ಮಂಡಿ ಸ್ವಲ್ಪ ಬಗ್ಗಿಸಿದೆ, ಚೀಲ ತಾನಾಗಿ ಅಡ್ಡಗಲ್ಲಿನ ಮೇಲೆ ಜಾರಿ ಕೂತಿತು. ಪಕ್ಕದಲ್ಲೇ ನೀರಿನ ಸಣ್ಣ ಝರಿ.

ಹೊತ್ತವರು ಏನನ್ನೂ ಬರೆದಿಡಲಿಲ್ಲ ಎಂದು ಮೇಲೆ ಹೇಳಿದ್ದೆ. ಅದು ಪೂರ್ತಿ ನಿಜವಲ್ಲ. ಎಲ್ಲಿ ಕತ್ತು ಸೋಲುತ್ತದೆ, ಎಲ್ಲಿ ಉಸಿರು ಕಟ್ಟುತ್ತದೆ, ಎಲ್ಲಿ ನೀರು ಬೇಕಾಗುತ್ತದೆ ಎಂಬುದನ್ನು ಗೊತ್ತಿದ್ದವರೇ ತೋರಿಸಿ ಆ ಕಲ್ಲುಗಳನ್ನು ನೆಡಿಸಿರಬೇಕು. ಅವುಗಳ ಮೇಲೆ ಶಾಸನವಿಲ್ಲ, ದಾನಿಯ ಹೆಸರಿಲ್ಲ, ಕಾಲವನ್ನು ಗೊತ್ತುಮಾಡುವ ಅಕ್ಷರವಿಲ್ಲ. ಇರುವುದು ಎತ್ತರ ಮತ್ತು ಜಾಗ, ಎರಡೇ. ನನ್ನ ಅಧ್ಯಾಯದಲ್ಲಿ ಈಗ ಆ ಎರಡೂ ಇವೆ. ನಾನು ಮೆಚ್ಚಿಕೊಂಡಿದ್ದ ವಾಕ್ಯ ಹೋಯಿತು. ಅದರ ಜಾಗದಲ್ಲಿ ಅಷ್ಟೇನೂ ಚಂದವಿಲ್ಲದ, ಉದ್ದನೆಯ ವಾಕ್ಯವೊಂದು ಬಂದಿದೆ. ಅದರಲ್ಲಿ ಹೊತ್ತವರು ಕರ್ತೃಪದವಾಗಿದ್ದಾರೆ.

ಘಟ್ಟದಲ್ಲಿ ನಡೆಯುವವರೂ ಓಡುವವರೂ ಇದನ್ನು ಓದುತ್ತಿದ್ದರೆ ಒಂದು ಕೋರಿಕೆ. ರಸ್ತೆ ಅಗಲ ಮಾಡುವ ಯಂತ್ರಗಳಿಗೆ, ತೋಟಕ್ಕೆ ಬೇಲಿ ಹಾಕುವವರಿಗೆ, ಚಪ್ಪಡಿ ಬೇಕಾದವರಿಗೆ ಈ ಕಲ್ಲುಗಳು ಬರೀ ಕಲ್ಲುಗಳು. ಸಿಕ್ಕರೆ ಅವುಗಳ ಮೇಲೆ ಕೂರಬೇಡಿ. ಎಲ್ಲಿದೆ, ಎಷ್ಟು ಎತ್ತರ, ಹತ್ತಿರ ನೀರು ಇದೆಯೇ ಎಂದು ಬರೆದಿಟ್ಟುಕೊಳ್ಳಿ. ಊರಿನಲ್ಲಿ ಹಿರಿಯ ಹೆಂಗಸರಿದ್ದರೆ ಕೇಳಿ.

ವಾಪಸು ಬಂದು ಅಮ್ಮಮ್ಮನಿಗೆ ಮೂರೂ ಕಲ್ಲುಗಳ ಫೋಟೊ ತೋರಿಸಿದೆ. ಎರಡನ್ನು ನೋಡಿ ತಲೆಯಾಡಿಸಿದಳು. ಮೂರನೆಯದರ ಅಡ್ಡಗಲ್ಲು ಬಿದ್ದು, ಕಂಬವೊಂದು ವಾಲಿತ್ತು. ಅದನ್ನು ಬಹಳ ಹೊತ್ತು ನೋಡಿದಳು. ಆಮೇಲೆ ಕೇಳಿದಳು, “ಹಾಂಗಾರೆ ಈಗ ಅಲ್ಲಿ ಎಲ್ಲಿ ಇಳಸ್ತ್ರು?”